ಯಾವ ಕಂಪನಿಯ ಗ್ರಾಫಿಕ್ಸ್ ಕಾರ್ಡ್ ತಂಪು, ಯಾವುದರ ಸದ್ದು ಕಡಿಮೆ?

ಪ್ರಶ್ನೆ: ನಾನು ಚಿಕ್ಕಮಗಳೂರು ಹತ್ತಿರದ ಆಲ್ದೂರಿನವನು. ಮದುವೆ ವಿಡಿಯೊ ಎಡಿಟಿಂಗ್ ಮಾಡುತ್ತೇನೆ, ರಾತ್ರಿ ಸ್ವಲ್ಪ ಗೇಮ್ ಆಡುತ್ತೇನೆ. ಆರ್‌ಟಿಎಕ್ಸ್ 5060 ಟಿಐ, 16 ಜಿಬಿಯದ್ದು ತಗೊಳ್ಳಬೇಕು ಅಂತಿದ್ದೇನೆ. ಅಸುಸ್, ಎಂಎಸ್‌ಐ, ಗಿಗಾಬೈಟ್, ಝೋಟ್ಯಾಕ್ ಎಲ್ಲರ ಹತ್ತಿರವೂ ಅದೇ ಕಾರ್ಡ್ ಇದೆ, ಆದರೆ ಬೆಲೆಯಲ್ಲಿ ಐದಾರು ಸಾವಿರ ಹೆಚ್ಚು ಕಡಿಮೆ. ನಮ್ಮ ಮನೆ ತೋಟದೊಳಗಿದೆ. ರಾತ್ರಿ ತುಂಬಾ ನಿಶ್ಶಬ್ದ. ಪಕ್ಕದ ರೂಮಿನಲ್ಲಿ ಅಪ್ಪ ಅಮ್ಮ ಮಲಗಿರುತ್ತಾರೆ, ಈಗಿರುವ ಹಳೇ ಕಾರ್ಡ್ ರೆಂಡರ್ (ಎಡಿಟ್ ಮಾಡಿದ್ದನ್ನು ಕೊನೆಯ ವಿಡಿಯೊ ಫೈಲ್ ಆಗಿ ತಯಾರಿಸುವುದು) ಹಾಕಿದಾಗ ಜೋರಾಗಿ ಕೂಗುತ್ತದೆ. ಯಾವ ಕಂಪನಿಯದು ತಂಪಾಗಿರುತ್ತದೆ, ಯಾವುದು ಸದ್ದು ಮಾಡಲ್ಲ? ಮೂರು ಫ್ಯಾನ್ ಇರುವುದೇ ಬೇಕಾ? ಕಾರ್ಡ್ 80 ಡಿಗ್ರಿ ಮುಟ್ಟಿದರೆ ಬೇಗ ಹಾಳಾಗುತ್ತೆ ಅಂತ ಗೆಳೆಯರು ಹೇಳುತ್ತಾರೆ, ನಿಜವಾ? ನನ್ನ ಕ್ಯಾಬಿನೆಟ್‌ನ ಮುಂಭಾಗ ಪೂರ್ತಿ ಗಾಜು.

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಈ ದರ್ಜೆಯ ಕಾರ್ಡ್‌ನಲ್ಲಿ ಕಂಪನಿ ನೋಡಿ ಆರಿಸಬೇಡಿ, ಮಾಡೆಲ್ ನೋಡಿ ಆರಿಸಿ. ಅಸುಸ್ ಒಳಗೇ ಡ್ಯುಯಲ್, ಪ್ರೈಮ್, ಟಫ್ ಅಂತ ಬೇರೆ ಬೇರೆ ದರ್ಜೆಗಳಿವೆ. ಎಂಎಸ್‌ಐನಲ್ಲಿ ಶ್ಯಾಡೊ, ವೆಂಟಸ್, ಗೇಮಿಂಗ್ ಟ್ರಿಯೊ. ಗಿಗಾಬೈಟ್‌ನಲ್ಲಿ ವಿಂಡ್‌ಫೋರ್ಸ್, ಈಗಲ್, ಗೇಮಿಂಗ್, ಏರೊ. ಝೋಟ್ಯಾಕ್‌ನಲ್ಲಿ ಟ್ವಿನ್ ಎಡ್ಜ್, ಆಂಪ್. ಒಂದೇ ಕಂಪನಿಯ ಅಗ್ಗದ ಮಾಡೆಲ್‌ಗೂ ದುಬಾರಿ ಮಾಡೆಲ್‌ಗೂ ಇರುವ ಅಂತರ ದೊಡ್ಡದು. ಎರಡು ಕಂಪನಿಗಳ ಸಮಾನ ದರ್ಜೆಯ ಕಾರ್ಡ್‌ಗಳನ್ನು ಪಕ್ಕಪಕ್ಕ ಇಟ್ಟರೆ ಅಷ್ಟು ಅಂತರ ಸಿಗುವುದಿಲ್ಲ. ಹಾಸನದಲ್ಲಿ ಕಂಪ್ಯೂಟರ್ ಜೋಡಿಸುವುದು, ರಿಪೇರಿ ಮಾಡುವುದು ನನ್ನ ಕೆಲಸ. ಅಂಗಡಿಗೆ ಬರುವವರು ಹೆಚ್ಚಾಗಿ ಕೇಳುವುದು ‘ಯಾವ ಬ್ರಾಂಡ್ ಒಳ್ಳೇದು’ ಅಂತ. ನಾನು ಎಲ್ಲರಿಗೂ ಮೊದಲು ಹೇಳುವುದು, ವಾಟ್ ಎಷ್ಟು ನೋಡಿ, ಬಿಸಿ ಹೊರಹಾಕುವ ಲೋಹದ ರೆಕ್ಕೆಗಳ ಕಟ್ಟು, ಅಂದರೆ ಹೀಟ್‌ಸಿಂಕ್, ಎಷ್ಟು ದಪ್ಪ ನೋಡಿ, ಆಮೇಲೆ ಹೆಸರು ನೋಡೋಣ ಅಂತ.

ಯಾಕೆ ಅಂತ ಹೇಳುತ್ತೇನೆ. ಈ ನಾಲ್ಕೂ ಕಂಪನಿಗಳು ಚಿಪ್ ಮಾಡುವುದಿಲ್ಲ. ಚಿಪ್ ವಿನ್ಯಾಸ ಎನ್‌ವಿಡಿಯಾದ್ದು, ತಯಾರಿ ತೈವಾನ್‌ನ ಟಿಎಸ್‌ಎಂಸಿಯದ್ದು. ಅದರ ಸುತ್ತ ಬೋರ್ಡ್, ಹೀಟ್‌ಸಿಂಕ್, ಫ್ಯಾನ್, ಮತ್ತೆ ಫ್ಯಾನ್ ಯಾವ ಬಿಸಿಗೆ ಎಷ್ಟು ವೇಗದಲ್ಲಿ ತಿರುಗಬೇಕು ಅನ್ನುವ ಲೆಕ್ಕ, ಇಷ್ಟು ಮಾತ್ರ ಈ ಕಂಪನಿಗಳ ಕೆಲಸ. 5060 ಟಿಐ ಎಳೆಯುವುದು 180 ವಾಟ್. ಕಂಪನಿಯೇ ವೇಗ ಹೆಚ್ಚಿಸಿ ಕೊಡುವ ಓವರ್‌ಕ್ಲಾಕ್ ಆವೃತ್ತಿ ಆದರೆ ಒಂಚೂರು ಮೇಲೆ ಹೋಗಬಹುದು, ಅಷ್ಟೇ. ಯಾರದೇ ಹೆಸರಿದ್ದರೂ ಈ 180 ವಾಟ್ ಪೂರ್ತಿ ಬಿಸಿಯಾಗಿ ನಿಮ್ಮ ರೂಮಿಗೇ ಬರುತ್ತದೆ. ‘ತಂಪು ಕಾರ್ಡ್’ ಅಂದರೆ ಬಿಸಿ ಕಡಿಮೆ ಹುಟ್ಟಿಸುವ ಕಾರ್ಡ್ ಅಲ್ಲ. ಹುಟ್ಟಿದ ಬಿಸಿಯನ್ನು ಚಿಪ್‌ನಿಂದ ಬೇಗ ಆಚೆ ಸಾಗಿಸುವ ಕಾರ್ಡ್.

ವಾಟ್ ಎಷ್ಟು ಮುಖ್ಯ ಅನ್ನುವುದಕ್ಕೆ ಕೆಲವು ಲೆಕ್ಕ ನೋಡಿ. ಹಿಂದಿನ ತಲೆಮಾರಿನ ಆರ್‌ಟಿಎಕ್ಸ್ 4060 ಬರೀ 115 ವಾಟ್. ಈಗಿನ 5060 ಆದರೆ 145. ನಿಮ್ಮದು 180. 5070 ಅಂದರೆ 250, 5070 ಟಿಐ 300, 5080 ಆದರೆ 360, 5090 ಅಂತೂ 575. ಎನ್‌ವಿಡಿಯಾದ ಪ್ರತಿಸ್ಪರ್ಧಿ ಎಎಂಡಿ ಕಡೆ 9060 ಎಕ್ಸ್‌ಟಿ 16 ಜಿಬಿಯದ್ದು 160 ವಾಟ್, 9070 ಎಕ್ಸ್‌ಟಿ 304 ವಾಟ್. 300 ವಾಟ್ ದಾಟಿದ ಕಾರ್ಡ್‌ನಲ್ಲಿ ಕೂಲರ್ (ಹೀಟ್‌ಸಿಂಕ್, ಫ್ಯಾನ್ ಸೇರಿದ್ದು) ಚೆನ್ನಾಗಿಲ್ಲದಿದ್ದರೆ ಸದ್ದು ತಡೆಯಲಾಗುವುದಿಲ್ಲ. ಅಲ್ಲಿ ದುಬಾರಿ ಮಾಡೆಲ್‌ಗೆ ಕೊಟ್ಟ ದುಡ್ಡಿಗೆ ಅರ್ಥ ಇದೆ. 180 ವಾಟ್‌ಗೆ ಎರಡು ದೊಡ್ಡ ಫ್ಯಾನ್ ಇರುವ ಒಳ್ಳೆ ಹೀಟ್‌ಸಿಂಕ್ ಸಾಕೇ ಸಾಕು. ನೀವು ಆರಿಸಿಕೊಂಡ ಚಿಪ್ಪೇ ನಿಮ್ಮ ಅರ್ಧ ಸಮಸ್ಯೆ ಬಗೆಹರಿಸಿದೆ.

ಈಗ ಕೂಲರ್ ವಿಷಯ. ಚಿಪ್ ಮೇಲೆ ತಾಮ್ರದ ತಟ್ಟೆ ಕೂತಿರುತ್ತದೆ. ಅದರಿಂದ ಹೀಟ್‌ಪೈಪ್‌ಗಳು ಹೊರಡುತ್ತವೆ. ಅವು ಟೊಳ್ಳು ತಾಮ್ರದ ಕೊಳವೆಗಳು, ಒಳಗೆ ಗಾಳಿ ತೆಗೆದು ಸ್ವಲ್ಪವೇ ಸ್ವಲ್ಪ ನೀರು ಹಾಕಿ ಮುಚ್ಚಿರುತ್ತಾರೆ. ಒತ್ತಡ ಕಡಿಮೆ ಇರುವುದರಿಂದ ನೀರು ಕಡಿಮೆ ಬಿಸಿಗೇ ಆವಿಯಾಗಿ ತಣ್ಣಗಿರುವ ತುದಿಗೆ ಹೋಗಿ, ಅಲ್ಲಿ ಬಿಸಿ ಬಿಟ್ಟು, ಮತ್ತೆ ನೀರಾಗಿ ಒಳಗಿನ ಬತ್ತಿಯಂಥ ಪದರದ ಮೂಲಕ ವಾಪಸ್ ಬರುತ್ತದೆ. ಆ ಬಿಸಿ ಅಲ್ಯೂಮಿನಿಯಂ ರೆಕ್ಕೆಗಳಿಗೆ ಹರಡಿ, ಅಲ್ಲಿಂದ ಗಾಳಿಗೆ ಹೋಗುತ್ತದೆ. ಕಣದಲ್ಲಿ ಕಾಫಿ ಹಣ್ಣನ್ನು ರಾಶಿ ಹಾಕಿದರೆ ಒಣಗುವುದಿಲ್ಲ, ತೆಳ್ಳಗೆ ಹರಡಿದರೆ ಬೇಗ ಒಣಗುತ್ತದಲ್ವಾ, ರೆಕ್ಕೆಗಳ ಕೆಲಸವೂ ಹಾಗೇ. ಮೇಲ್ಮೈ ಎಷ್ಟು ವಿಸ್ತಾರವೋ ಅಷ್ಟು ಕಡಿಮೆ ಗಾಳಿಗೆ ಕೆಲಸ ಆಗುತ್ತದೆ. ಕಡಿಮೆ ಗಾಳಿ ಸಾಕು ಅಂದರೆ ಫ್ಯಾನ್ ನಿಧಾನ ತಿರುಗಿದರೆ ಸಾಕು. ಸದ್ದು ಕಡಿಮೆ ಆಗುವುದು ಇಲ್ಲಿಂದ. ಆಕ್ಸಿಯಲ್-ಟೆಕ್ ಫ್ಯಾನ್, ಟಾರ್ಕ್ಸ್ ಫ್ಯಾನ್, ಐಸ್‌ಸ್ಟಾರ್ಮ್, ವಿಂಡ್‌ಫೋರ್ಸ್ ಅಂತ ಡಬ್ಬದ ಮೇಲೆ ಬರೆದಿರುವ ಹೆಸರುಗಳಿಗಿಂತ ಕಾರ್ಡ್‌ನ ತೂಕ, ಉದ್ದ, ದಪ್ಪ ಹೆಚ್ಚು ಸತ್ಯ ಹೇಳುತ್ತವೆ. ಕಂಪನಿಯ ವೆಬ್‌ಸೈಟ್‌ನಲ್ಲಿ ಉದ್ದ, ದಪ್ಪ ಮಿಲಿಮೀಟರ್‌ನಲ್ಲಿ ಕೊಟ್ಟಿರುತ್ತಾರೆ, ತೂಕವನ್ನೂ ಹಲವರು ಕೊಡುತ್ತಾರೆ. ಎರಡು ಮಾಡೆಲ್‌ಗೆ ಒಂದೇ ಚಿಪ್ ಇದ್ದು ಒಂದು ಕಾರ್ಡ್ ಎರಡು ಸ್ಲಾಟ್ (ಕ್ಯಾಬಿನೆಟ್ ಹಿಂಬದಿಯಲ್ಲಿ ಕಾರ್ಡ್ ಕೂರುವ ಕಿಂಡಿ) ದಪ್ಪ, ಇನ್ನೊಂದು ಎರಡೂವರೆ ಸ್ಲಾಟ್ ದಪ್ಪ ಇದ್ದರೆ, ಕ್ಯಾಬಿನೆಟ್‌ನಲ್ಲಿ ಜಾಗ ಇರುವವರೆಗೆ ನಾನು ಕಣ್ಣುಮುಚ್ಚಿ ದಪ್ಪದ್ದನ್ನೇ ತಗೊಳ್ಳುತ್ತೇನೆ.

ಇನ್ನು ಹೋಲಿಕೆ ಮಾಡುವುದು ಹೇಗೆ. ಹೆಚ್ಚಿನವರು ಎಡವುವುದು ಇಲ್ಲೇ. ವಿಮರ್ಶೆ ತೆರೆಯುತ್ತಾರೆ, ಒಂದು ಕಾರ್ಡ್ 62 ಡಿಗ್ರಿ, ಇನ್ನೊಂದು 70 ಡಿಗ್ರಿ ಅಂತ ನೋಡುತ್ತಾರೆ, 62 ಗೆದ್ದಿತು ಅಂದುಕೊಳ್ಳುತ್ತಾರೆ. 62ರ ಕಾರ್ಡ್ ತನ್ನ ಫ್ಯಾನನ್ನು ನಿಮಿಷಕ್ಕೆ 2,100 ಸುತ್ತು ತಿರುಗಿಸಿ ಅಲ್ಲಿಗೆ ಬಂದಿರಬಹುದು. 70ರದ್ದು 1,300 ಸುತ್ತಿನಲ್ಲಿ ಆರಾಮಾಗಿ ಕೂತಿರಬಹುದು. ಹಾಗಿದ್ದರೆ ನಿಮಗೆ ಬೇಕಾದ್ದು ಎರಡನೆಯದು. ಎರಡನ್ನೂ ಒಂದೇ ಸದ್ದಿಗೆ ತಂದು, ಆಗ ಯಾವುದು ತಂಪು ಅಂತ ನೋಡಿದರೆ ಮಾತ್ರ ಕೂಲರ್‌ನ ನಿಜವಾದ ಯೋಗ್ಯತೆ ಗೊತ್ತಾಗುತ್ತದೆ. ಟೆಕ್‌ಪವರ್‌ಅಪ್ ಅನ್ನುವ ವಿಮರ್ಶೆ ತಾಣದವರು ಹೀಗೆ ಒಂದೇ ಬಿಸಿ, ಒಂದೇ ಸದ್ದಿನ ಮಟ್ಟ ಇಟ್ಟು ಕೂಲರ್‌ಗಳನ್ನು ಹೋಲಿಸುತ್ತಾರೆ. ನೀವು ತಗೊಳ್ಳಬೇಕೆಂದಿರುವ ಮಾಡೆಲ್ ಅಲ್ಲಿದ್ದರೆ ಆ ಒಂದು ಚಾರ್ಟ್ ನೋಡಿ. ಉಳಿದ ಹತ್ತು ವಿಡಿಯೊ ನೋಡುವುದಕ್ಕಿಂತ ಅದು ಉಪಯೋಗ.

ಫ್ಯಾನ್ ಸದ್ದಿನ ಲೆಕ್ಕ ಗೊತ್ತಿದ್ದರೆ ಇದೆಲ್ಲ ಸುಲಭ. ಫ್ಯಾನ್ ವೇಗ 20% ಇಳಿಸಿದರೆ ಗಾಳಿ 20% ಕಡಿಮೆ ಆಗುತ್ತದೆ, ಸದ್ದು ಮಾತ್ರ ಸುಮಾರು 5 ಡೆಸಿಬೆಲ್ ಇಳಿಯುತ್ತದೆ. ವೇಗ ಅರ್ಧಕ್ಕೆ ಇಳಿದರೆ 15 ಡೆಸಿಬೆಲ್ ಹತ್ತಿರ ಇಳಿಯುತ್ತದೆ. ನಮ್ಮ ಕಿವಿಗೆ 10 ಡೆಸಿಬೆಲ್ ವ್ಯತ್ಯಾಸ ಅಂದರೆ ಸರಿಸುಮಾರು ಸದ್ದು ಅರ್ಧ ಆದಂತೆ. 3 ಡೆಸಿಬೆಲ್ ಅಂದರೆ ಗಮನ ಕೊಟ್ಟರೆ ಗೊತ್ತಾಗುವಷ್ಟು. 1 ಡೆಸಿಬೆಲ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಹಾಗಾಗಿ ನಾಲ್ಕೈದು ಡಿಗ್ರಿ ಬಿಸಿ ಜಾಸ್ತಿ ಆದರೂ ಪರವಾಗಿಲ್ಲ ಅಂತ ಒಪ್ಪಿಕೊಂಡರೆ, ಅದಕ್ಕೆ ಬದಲಾಗಿ ಸಿಗುವ ಶಾಂತಿ ಬಹಳ ದೊಡ್ಡದು.

ಮೂರು ಫ್ಯಾನ್ ಪ್ರಶ್ನೆಗೂ ಇದೇ ಲೆಕ್ಕ. ಎರಡು ಫ್ಯಾನ್ ಇದ್ದಲ್ಲಿ ಅದೇ ವೇಗದಲ್ಲಿ ಮೂರು ತಿರುಗಿದರೆ ಸದ್ದು ಸುಮಾರು 2 ಡೆಸಿಬೆಲ್ ಏರುತ್ತದೆ. ಆದರೆ ಮೂರು ಇರುವುದರಿಂದ ಮೂರನ್ನೂ 20% ನಿಧಾನ ಮಾಡಬಹುದು ಅಂದುಕೊಳ್ಳಿ, 5 ಇಳಿಯುತ್ತದೆ. ಒಟ್ಟು 3 ಡೆಸಿಬೆಲ್ ಲಾಭ. ಇದೆಲ್ಲ ಯಾವಾಗ? ಮೂರನೇ ಫ್ಯಾನ್ ಕೆಳಗೂ ಹೀಟ್‌ಸಿಂಕ್ ಇದ್ದಾಗ. ಕೆಲವು ಅಗ್ಗದ ಮೂರು ಫ್ಯಾನ್ ಕಾರ್ಡ್‌ಗಳಲ್ಲಿ ರೆಕ್ಕೆ ತೆಳ್ಳಗೆ, ಪೈಪ್ ಎರಡೋ ಮೂರೋ, ಮೇಲೆ ಮಾತ್ರ ಉದ್ದನೆ ಪ್ಲಾಸ್ಟಿಕ್ ಹೊದಿಕೆ. ಅಂಥದ್ದಕ್ಕೆ ಜಾಸ್ತಿ ದುಡ್ಡು ಕೊಡುವುದಕ್ಕಿಂತ ದಪ್ಪ ಹೀಟ್‌ಸಿಂಕ್‌ನ ಎರಡು ಫ್ಯಾನ್ ಕಾರ್ಡ್ ಎಷ್ಟೋ ಮೇಲು. ಕಾರ್ಡ್‌ನ ಕೊನೆಯಲ್ಲಿ ಬೋರ್ಡ್ ಮುಗಿದು, ಹಿಂಬದಿ ತಟ್ಟೆಯಲ್ಲಿ ಕಿಂಡಿ ಇದ್ದು, ಕೊನೇ ಫ್ಯಾನಿನ ಗಾಳಿ ರೆಕ್ಕೆಗಳ ಮೂಲಕ ನೇರವಾಗಿ ಆಚೆ ಹೋಗುವ ಹಾಗಿದ್ದರೆ ಅದು ಒಳ್ಳೆ ಲಕ್ಷಣ. ಫೋಟೊದಲ್ಲೇ ಕಾಣುತ್ತದೆ, ಹಿಂಬದಿ ಫೋಟೊ ತಪ್ಪದೆ ನೋಡಿ.

80 ಡಿಗ್ರಿ ಭಯ. ಬಿಟ್ಟುಬಿಡಿ. ಎನ್‌ವಿಡಿಯಾ ಚಿಪ್‌ಗಳ ಗರಿಷ್ಠ ಮಿತಿ 90 ಡಿಗ್ರಿ ಆಸುಪಾಸಿನಲ್ಲಿರುತ್ತದೆ. ಅಲ್ಲಿಗೆ ಹೋಗುವ ಮೊದಲೇ ಚಿಪ್ ತನ್ನಷ್ಟಕ್ಕೆ ವೇಗ ಇಳಿಸಿಕೊಳ್ಳುತ್ತದೆ. 65ರಿಂದ 75ರ ನಡುವೆ ಇದ್ದರೆ ಆರಾಮ. 80 ಮುಟ್ಟಿದರೂ ಕಾರ್ಡ್ ಹಾಳಾಗುವುದಿಲ್ಲ. ಆದರೆ 180 ವಾಟ್‌ನ ಕಾರ್ಡ್ 80 ಮುಟ್ಟುತ್ತಿದೆ ಅಂದರೆ ಗಾಳಿ ಓಡಾಟದಲ್ಲೋ, ಧೂಳಿನಲ್ಲೋ, ಚಿಪ್‌ಗೂ ಕೂಲರ್‌ಗೂ ನಡುವೆ ಬಳಿದ ಪೇಸ್ಟ್‌ನಲ್ಲೋ ಏನೋ ತೊಂದರೆ ಇದೆ ಅಂತ ಅರ್ಥ. ಅದನ್ನು ಹುಡುಕಿ. ಮೊದಲಿನ 3080, 3090 ಕಾರ್ಡ್‌ಗಳಲ್ಲಿ ಮೆಮೊರಿಯೇ 100 ಡಿಗ್ರಿ ದಾಟಿ 110ರ ಹತ್ತಿರ ಹೋಗುತ್ತಿತ್ತು. ಚಿಪ್ 70 ಅಂತ ತೋರಿಸುತ್ತಾ ಇರುತ್ತಿತ್ತು, ಫ್ಯಾನ್ ಮಾತ್ರ ಕಿರುಚುತ್ತಿತ್ತು. 5060 ಟಿಐಯಲ್ಲಿ ಆ ಕಾಟ ಇಲ್ಲ.

ಒಂದು ವಿಷಯ ಮಾತ್ರ ಗಮನದಲ್ಲಿರಲಿ. ಚಿಪ್‌ನ ಅತ್ಯಂತ ಬಿಸಿ ಬಿಂದುವಿನ ಓದು, ಅಂದರೆ ಹಾಟ್‌ಸ್ಪಾಟ್, ಎನ್‌ವಿಡಿಯಾ 50 ಸರಣಿಯಲ್ಲಿ ಸಾಫ್ಟ್‌ವೇರ್‌ಗೆ ಕೊಡುವುದನ್ನು ನಿಲ್ಲಿಸಿದೆ. ಎಎಂಡಿಯಲ್ಲಿ ಈಗಲೂ ಕಾಣುತ್ತದೆ. ಇದು ನನಗೆ ನಿಜಕ್ಕೂ ಬೇಸರದ ವಿಷಯ. ಸರಾಸರಿ ಬಿಸಿ ಮತ್ತು ಹಾಟ್‌ಸ್ಪಾಟ್ ನಡುವೆ ಅಂತರ ದೊಡ್ಡದಾಗುತ್ತಾ ಹೋದರೆ ಕೂಲರ್ ಸರಿಯಾಗಿ ಕೂತಿಲ್ಲ, ಅಥವಾ ಪೇಸ್ಟ್ ಒಣಗಿದೆ ಅಂತ ನಮ್ಮಂಥವರು ಬಿಚ್ಚದೇ ಹೇಳುತ್ತಿದ್ದೆವು. 2022ರ ಕೊನೆಯಲ್ಲಿ ಬಂದ ಎಎಂಡಿಯ 7900 ಎಕ್ಸ್‌ಟಿಎಕ್ಸ್ ಕಾರ್ಡ್‌ಗಳಲ್ಲಿ ದೋಷ ಪತ್ತೆಯಾದದ್ದೇ ಈ ಓದಿನಿಂದ. ಎಎಂಡಿಯದೇ ವಿನ್ಯಾಸದ ಕೆಲವು ಕಾರ್ಡ್‌ಗಳಲ್ಲಿ ಹಾಟ್‌ಸ್ಪಾಟ್ 110 ಮುಟ್ಟಿ ವೇಗ ಕುಸಿಯುತ್ತಿತ್ತು. ಕೂಲರ್‌ನ ಆವಿ ಕೋಣೆಯೊಳಗೆ (ಹೀಟ್‌ಪೈಪ್‌ನಂತೆಯೇ ಕೆಲಸ ಮಾಡುವ ಚಪ್ಪಟೆ ಪೆಟ್ಟಿಗೆ) ನೀರು ಸಾಕಷ್ಟು ಹಾಕಿರಲಿಲ್ಲ ಅಂತ ಕಂಪನಿ 2023ರ ಜನವರಿಯಲ್ಲಿ ಒಪ್ಪಿಕೊಂಡು ಬದಲಿಸಿಕೊಟ್ಟಿತು. ಈಗ 50 ಸರಣಿ ತಗೊಂಡವರಿಗೆ ಆ ಕಿಟಕಿ ಮುಚ್ಚಿದೆ. ಚಿಪ್‌ನ ಬಿಸಿ, ಮೆಮೊರಿ ಬಿಸಿ, ಫ್ಯಾನ್ ಸುತ್ತು ಈ ಮೂರನ್ನೇ ನೋಡಿಕೊಳ್ಳಬೇಕು.

ಈಗ ನಮ್ಮ ಕಡೆಯ ಮಾತಿಗೆ ಬರೋಣ, ಇದನ್ನು ಯಾವ ವಿಮರ್ಶೆಯೂ ನಿಮಗೆ ಹೇಳುವುದಿಲ್ಲ. ವಿಮರ್ಶಕರು ಸಾಮಾನ್ಯವಾಗಿ 20ರಿಂದ 23 ಡಿಗ್ರಿ ರೂಮಿನಲ್ಲಿ ಪರೀಕ್ಷೆ ಮಾಡುತ್ತಾರೆ. ಕಾರ್ಡ್ 65 ಡಿಗ್ರಿ ಅಂದರೆ ರೂಮಿಗಿಂತ 43 ಡಿಗ್ರಿ ಮೇಲೆ. ನಿಮ್ಮ ರೂಮು ಏಪ್ರಿಲ್‌ನಲ್ಲಿ 31 ಇದ್ದರೆ ಅದೇ ಕಾರ್ಡ್ 74ರ ಹತ್ತಿರ ಹೋಗುತ್ತದೆ. ಅಥವಾ ಬಿಸಿ ತಡೆಯಲು ಫ್ಯಾನ್ ಜೋರಾಗುತ್ತದೆ. ಡಿಸೆಂಬರ್ ರಾತ್ರಿ ರೂಮು 17ಕ್ಕೆ ಬಂದರೆ 60. ನಿಮಗೆ ಮದುವೆ ಕೆಲಸ ಮುಗಿಬೀಳುವುದು ಏಪ್ರಿಲ್, ಮೇ ತಿಂಗಳಲ್ಲಿ ಅಲ್ವಾ, ವರ್ಷದ ಅತಿ ಸೆಕೆಯ ಹೊತ್ತಿಗೇ ಅತಿ ಹೆಚ್ಚು ರೆಂಡರ್. ಕೂಲರ್ ಆರಿಸುವಾಗ ಆ ಎರಡು ತಿಂಗಳನ್ನೇ ಮನಸ್ಸಿನಲ್ಲಿಟ್ಟುಕೊಳ್ಳಿ.

ಎತ್ತರದ್ದೂ ಒಂದು ಪಾತ್ರ ಇದೆ. ಹಾಸನ ಸಮುದ್ರಮಟ್ಟದಿಂದ ಸಾವಿರ ಮೀಟರ್ ಹತ್ತಿರ, ಚಿಕ್ಕಮಗಳೂರು ಅದಕ್ಕಿಂತ ಮೇಲೆ. ಸಾವಿರ ಮೀಟರ್ ಎತ್ತರದಲ್ಲಿ ಗಾಳಿ ಸುಮಾರು 10% ತೆಳು. ಫ್ಯಾನ್ ಅಷ್ಟೇ ಸುತ್ತು ತಿರುಗಿದರೂ ಬಿಸಿ ಹೊತ್ತೊಯ್ಯುವ ಗಾಳಿಯ ತೂಕ ಕಡಿಮೆ. ಮಂಗಳೂರಿನಲ್ಲಿ ರೂಮಿಗಿಂತ 43 ಡಿಗ್ರಿ ಮೇಲಿರುವ ಕಾರ್ಡ್ ನಮ್ಮಲ್ಲಿ ಅದೇ ಫ್ಯಾನ್ ವೇಗಕ್ಕೆ ಮೂರ್ನಾಲ್ಕು ಡಿಗ್ರಿ ಹೆಚ್ಚು ಕಾಣಿಸಬಹುದು. ಆದರೆ ಮಂಗಳೂರಿನ ರೂಮು ನಮ್ಮದಕ್ಕಿಂತ ಬಿಸಿ ಇರುವುದರಿಂದ ಒಟ್ಟಿನಲ್ಲಿ ನಮಗೇ ಲಾಭ. ಮಲೆನಾಡಿನಲ್ಲಿ ಬಿಸಿ ದೊಡ್ಡ ಸಮಸ್ಯೆ ಅಲ್ಲವೇ ಅಲ್ಲ. ಸಮಸ್ಯೆ ಸದ್ದು. ಬೆಂಗಳೂರಿನ ಮನೆಯಲ್ಲಿ ರಸ್ತೆ ಸದ್ದಿನೊಳಗೆ ಮುಳುಗಿಹೋಗುವ 35 ಡೆಸಿಬೆಲ್ ಕಾರ್ಡ್, ತೋಟದ ಮನೆಯ ರಾತ್ರಿಯಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಜುಲೈ ಮಳೆ ಹೆಂಚಿನ ಮೇಲೆ ಬಡಿಯುವಾಗ ಯಾವ ಕಾರ್ಡೂ ಕೇಳಿಸುವುದಿಲ್ಲ, ಜನವರಿಯಲ್ಲಿ ಎಲ್ಲವೂ ಕೇಳುತ್ತದೆ. ಅದಕ್ಕೇ ಹೇಳುವುದು, ನಿಮ್ಮ ಮನೆಗೆ ಬೇಕಾದ ಕಾರ್ಡ್ ಮೂರು ಡಿಗ್ರಿ ತಂಪಿನದ್ದಲ್ಲ, ನಿಧಾನಕ್ಕೆ ತಿರುಗುವ ಫ್ಯಾನಿನದ್ದು.

ಇನ್ನೊಂದು ಸೂಕ್ಷ್ಮ. ಒಂದೇ ಸಮ ಇರುವ ಸದ್ದಿಗೆ ಮನುಷ್ಯ ಹೊಂದಿಕೊಳ್ಳುತ್ತಾನೆ, ನಿದ್ದೆಯನ್ನೂ ಮಾಡುತ್ತಾನೆ. ಏರುತ್ತಾ ಇಳಿಯುತ್ತಾ ಇರುವ ಸದ್ದಿಗೆ ಆಗುವುದಿಲ್ಲ. ಎಡಿಟಿಂಗ್‌ನಲ್ಲಿ ಇದೇ ಕಾಟ. ಟೈಮ್‌ಲೈನ್ ಪ್ಲೇ ಮಾಡಿದಾಗ ಕಾರ್ಡ್ ಬಿಸಿ ಆಗುತ್ತದೆ, ನಿಲ್ಲಿಸಿದರೆ ತಣ್ಣಗಾಗುತ್ತದೆ. ಈಗಿನ ಕಾರ್ಡ್‌ಗಳಲ್ಲಿ 50, 55 ಡಿಗ್ರಿ ಆಸುಪಾಸಿನವರೆಗೆ ಫ್ಯಾನ್ ನಿಂತೇ ಇರುತ್ತದೆ, ದಾಟಿದ ಕೂಡಲೇ ಗಕ್ಕನೆ ಶುರುವಾಗುತ್ತದೆ. ಆ ಗಡಿಯಲ್ಲೇ ಬಿಸಿ ಓಲಾಡುತ್ತಿದ್ದರೆ ಫ್ಯಾನ್ ನಿಲ್ಲುವುದು, ಶುರುವಾಗುವುದು, ನಿಲ್ಲುವುದು ನಡೆಯುತ್ತಲೇ ಇರುತ್ತದೆ. ಅಗ್ಗದ ಮಾಡೆಲ್‌ಗಳಲ್ಲಿ ಫ್ಯಾನ್‌ನ ಕನಿಷ್ಠ ವೇಗವೇ ಸಾವಿರ ಸುತ್ತಿಗಿಂತ ಮೇಲೆ ಇರುವುದುಂಟು, ಅದಕ್ಕಿಂತ ನಿಧಾನ ತಿರುಗಲು ಅದಕ್ಕೆ ಬರುವುದೇ ಇಲ್ಲ. ಹಾಗಾಗಿ ವಿಮರ್ಶೆ ಓದುವಾಗ ಫ್ಯಾನ್‌ನ ಕನಿಷ್ಠ ಸುತ್ತು ಎಷ್ಟು ಅಂತ ಹುಡುಕಿ. ನನಗೆ ಇದು ಗರಿಷ್ಠ ಬಿಸಿಗಿಂತ ಮುಖ್ಯ.

ಫ್ಯಾನ್‌ನ ಬೇರಿಂಗ್ ಬಗ್ಗೆಯೂ ಹೇಳಬೇಕು, ಯಾಕಂದರೆ ಹೊಸತರಲ್ಲಿ ಎಲ್ಲ ಫ್ಯಾನೂ ಚೆಂದ. ಮೂರನೇ ವರ್ಷಕ್ಕೆ ಗೊತ್ತಾಗುವುದು. ಸ್ಲೀವ್ ಬೇರಿಂಗ್ ಅಗ್ಗ, ಮೊದಲಿಗೆ ಸದ್ದು ಕಡಿಮೆ, ಆದರೆ ಬಿಸಿಗೆ ಎಣ್ಣೆ ಒಣಗಿ ಗರಗರ ಶುರುವಾಗುತ್ತದೆ. ಬಾಲ್ ಬೇರಿಂಗ್ ಹೆಚ್ಚು ಬಾಳಿಕೆ, ನಿಧಾನ ವೇಗದಲ್ಲಿ ಸಣ್ಣ ಕಟಕಟ ಕೇಳಬಹುದು. ಅಸುಸ್ ತನ್ನ ಡ್ಯುಯಲ್, ಟಫ್ ಮಾಡೆಲ್‌ಗಳಲ್ಲಿ ಜೋಡಿ ಬಾಲ್ ಬೇರಿಂಗ್ ಅಂತ ಬರೆದುಕೊಳ್ಳುತ್ತದೆ. ಎಎಂಡಿ ಕಾರ್ಡ್ ಮಾಡುವ ಸಫೈರ್‌ನ ಹಲವು ಮಾಡೆಲ್‌ಗಳಲ್ಲಿ ಒಂದು ಸ್ಕ್ರೂ ಬಿಚ್ಚಿದರೆ ಫ್ಯಾನ್ ಹೊರಗೆ ಬರುತ್ತದೆ, ಹೀಟ್‌ಸಿಂಕ್ ಮುಟ್ಟಬೇಕಿಲ್ಲ. ರಿಪೇರಿ ಮಾಡುವವನಾಗಿ ಈ ವಿನ್ಯಾಸ ನನಗೆ ಬಹಳ ಇಷ್ಟ. ಅರಸೀಕೆರೆ ಕಡೆಯ ಒಣ ಧೂಳು, ಸಕಲೇಶಪುರ ಮೂಡಿಗೆರೆ ಕಡೆಯ ತೇವ, ಎರಡೂ ಫ್ಯಾನ್‌ಗೆ ಕೆಟ್ಟವೇ. ನಿಮ್ಮ ಕಡೆ ಕೊಯ್ಲಿನ ಹೊತ್ತಿಗೆ ಕಣದ ಧೂಳು ಸಣ್ಣ ಪುಡಿಯಾಗಿ ರೆಕ್ಕೆಗಳ ನಡುವೆ ಕೂರುತ್ತದೆ. ಆಮೇಲೆ ಮಳೆಗಾಲದ ತೇವಕ್ಕೆ ಅದು ಅಂಟಿ ಗಟ್ಟಿಯಾಗುತ್ತದೆ. ಫೆಬ್ರವರಿ ಮಾರ್ಚ್‌ನಲ್ಲಿ, ಮಳೆ ಶುರುವಾಗುವ ಮೊದಲು, ಬ್ಲೋವರ್ ಹಿಡಿದು ಕ್ಲೀನ್ ಮಾಡಿ. ಫ್ಯಾನ್ ತಿರುಗದ ಹಾಗೆ ಬೆರಳಿನಿಂದ ಹಿಡಿದುಕೊಂಡು ಊದಿ. ಗಾಳಿ ಹೊಡೆತಕ್ಕೆ ಅದು ಮಿತಿ ಮೀರಿ ತಿರುಗಿದರೆ ಬೇರಿಂಗ್‌ಗೆ ಪೆಟ್ಟು.

ಈಗ ನಿಮ್ಮ ಗಾಜಿನ ಕ್ಯಾಬಿನೆಟ್. ಇದನ್ನು ಓದಿದಾಗಲೇ ನನಗೆ ಅನಿಸಿತು, ನಿಮ್ಮ ಹಳೇ ಕಾರ್ಡ್ ಕೂಗುವುದಕ್ಕೆ ಅರ್ಧ ಕಾರಣ ಇದೇ ಇರಬೇಕು ಅಂತ. ಈಗಿನ ಕಾರ್ಡ್‌ಗಳು ಬಿಸಿಗಾಳಿಯನ್ನು ಕ್ಯಾಬಿನೆಟ್ ಒಳಗೇ ಬಿಡುತ್ತವೆ. ಮುಂದೆ ಗಾಜು ಮುಚ್ಚಿದ್ದರೆ ಹೊಸ ಗಾಳಿ ಒಳಗೆ ಬರಲು ದಾರಿ ಇಲ್ಲ, ಕಾರ್ಡ್ ತಾನು ಬಿಟ್ಟ ಬಿಸಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಒಂದು ಪರೀಕ್ಷೆ ಮಾಡಿ, ಖರ್ಚಿಲ್ಲ. ಇಪ್ಪತ್ತು ನಿಮಿಷ ಒಂದು ಭಾರಿ ಗೇಮ್ ಓಡಿಸಿ, ಎಚ್‌ಡಬ್ಲ್ಯೂಇನ್ಫೊ ಅಥವಾ ಜಿಪಿಯು-ಝಡ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಬಿಸಿ ಮತ್ತು ಫ್ಯಾನ್ ಸುತ್ತು ಬರೆದಿಟ್ಟುಕೊಳ್ಳಿ. ಆಮೇಲೆ ಪಕ್ಕದ ಬಾಗಿಲು ತೆಗೆದು ಇನ್ನೊಂದು ಇಪ್ಪತ್ತು ನಿಮಿಷ. ಐದಾರು ಡಿಗ್ರಿಗಿಂತ ಜಾಸ್ತಿ ಇಳಿದರೆ ತಪ್ಪು ಕಾರ್ಡ್‌ನದ್ದಲ್ಲ, ಕ್ಯಾಬಿನೆಟ್‌ನದ್ದು. ಆಗ ಕಾರ್ಡ್‌ನ ದುಬಾರಿ ಮಾಡೆಲ್‌ಗೆ ಹಾಕುವ ಐದಾರು ಸಾವಿರವನ್ನು ಜಾಲರಿ ಮುಖದ ಕ್ಯಾಬಿನೆಟ್‌ಗೂ ಮುಂದೆ ಎರಡು 140 ಮಿಲಿಮೀಟರ್ ಫ್ಯಾನ್‌ಗೂ ಹಾಕಿ. ನನ್ನ ಅನುಭವದಲ್ಲಿ ನಿಮ್ಮಂಥ ಸೆಟಪ್‌ಗೆ ಇದಕ್ಕಿಂತ ಒಳ್ಳೆ ಖರ್ಚು ಇಲ್ಲ. ಜಾಲರಿಗೆ ಧೂಳಿನ ಫಿಲ್ಟರ್ ಇರಲಿ. ನಮ್ಮ ಕಡೆ ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿಕೊಂಡು ಇರುವೆ, ಹಲ್ಲಿ ಒಳಗೆ ಸೇರುತ್ತವೆ, ಅದಕ್ಕೂ ಫಿಲ್ಟರ್ ಬೇಕೇ ಬೇಕು.

ಕ್ಯಾಬಿನೆಟ್ ಎಲ್ಲಿಟ್ಟಿದ್ದೀರಿ ಅನ್ನುವುದೂ ಮುಖ್ಯ. ಮೇಜಿನ ಮೇಲೆ ಕಿವಿಯ ಪಕ್ಕ ಅರ್ಧ ಮೀಟರ್‌ನಲ್ಲಿ ಇರುವುದನ್ನು ಒಂದು ಮೀಟರ್ ದೂರಕ್ಕೆ ಸರಿಸಿದರೆ ಲೆಕ್ಕದ ಪ್ರಕಾರ 6 ಡೆಸಿಬೆಲ್ ಇಳಿಯಬೇಕು. ರೂಮಿನ ಗೋಡೆ ಸದ್ದನ್ನು ವಾಪಸ್ ಕಳಿಸುವುದರಿಂದ ಅಷ್ಟು ಸಿಗುವುದಿಲ್ಲ, ಆದರೂ ಗಣನೀಯವಾಗಿ ಇಳಿಯುತ್ತದೆ. ಅಪ್ಪ ಅಮ್ಮನ ರೂಮಿನ ಗೋಡೆಗೆ ತಾಗಿಸಿ ಇಡಬೇಡಿ, ಎದುರಿನ ಗೋಡೆ ಕಡೆ ಇಡಿ. ಕೆಳಗೆ ದಪ್ಪ ರಬ್ಬರ್ ಹಾಕಿ. ಹಳೇ ಮನೆಗಳ ಮರದ ಅಟ್ಟ, ಮರದ ಮೇಜು ಕಂಪನವನ್ನು ದೊಡ್ಡದು ಮಾಡಿ ಕೇಳಿಸುತ್ತವೆ.

ಕಾರ್ಡ್ ಬಂದ ಮೇಲೆ ಮಾಡುವ ಕೆಲಸವೇ ಕಂಪನಿ ಆರಿಸುವುದಕ್ಕಿಂತ ದೊಡ್ಡದು. ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ಸಾಫ್ಟ್‌ವೇರ್ ಉಚಿತ, ಯಾವ ಕಂಪನಿಯ ಕಾರ್ಡ್‌ಗೂ ನಡೆಯುತ್ತದೆ. ಮೊದಲು ಪವರ್ ಲಿಮಿಟ್ 85%ಗೆ ಇಳಿಸಿ. 180 ವಾಟ್ ಹೋಗಿ 153 ಆಗುತ್ತದೆ, ವೇಗದಲ್ಲಿ ಕೆಲವೇ ಶೇಕಡ ಕಡಿಮೆ, ರೆಂಡರ್ ಒಂದೆರಡು ನಿಮಿಷ ತಡ ಆಗಬಹುದು. ಇನ್ನೂ ಚೆನ್ನಾಗಿ ಬೇಕು ಅಂದರೆ ಅಂಡರ್‌ವೋಲ್ಟ್ ಮಾಡಿ, ಅಂದರೆ ಚಿಪ್‌ಗೆ ಕಡಿಮೆ ವೋಲ್ಟೇಜ್ ಕೊಟ್ಟು ಓಡಿಸಿ. ಕಂಟ್ರೋಲ್ ಮತ್ತು ಎಫ್ ಒತ್ತಿದರೆ ವೋಲ್ಟೇಜ್ ಗೆರೆ ತೆರೆಯುತ್ತದೆ. 900 ಮಿಲಿವೋಲ್ಟ್ ಹತ್ತಿರ 2,600 ಮೆಗಾಹರ್ಟ್ಸ್‌ನಿಂದ ಶುರು ಮಾಡಿ, ಅದರಾಚೆಯ ಗೆರೆಯನ್ನು ಸಮತಟ್ಟು ಮಾಡಿ. ಪ್ರತಿ ಚಿಪ್ ಬೇರೆ, ಹಾಗಾಗಿ ನಿಮ್ಮ ನಿಜವಾದ ಕೆಲಸದಲ್ಲೇ ಪರೀಕ್ಷಿಸಿ. ಒಂದು ದೊಡ್ಡ ಪ್ರಾಜೆಕ್ಟ್ ಪೂರ್ತಿ ರೆಂಡರ್ ಆಗಲಿ, ಕ್ರ್ಯಾಶ್ ಆದರೆ ಸ್ವಲ್ಪ ವೋಲ್ಟೇಜ್ ಏರಿಸಿ. ಗಿರಾಕಿಯ ಕೆಲಸ ಕೊಡುವ ಹಿಂದಿನ ರಾತ್ರಿ ಮಾತ್ರ ಇದನ್ನು ಮಾಡಬೇಡಿ. ಆಮೇಲೆ ಫ್ಯಾನ್ ಗೆರೆ, ಅಂದರೆ ಯಾವ ಬಿಸಿಗೆ ಫ್ಯಾನ್ ಎಷ್ಟು ವೇಗ ಅನ್ನುವುದು. 70 ಡಿಗ್ರಿವರೆಗೆ ಫ್ಯಾನ್ ನಿಧಾನವಾಗಿಯೇ ಇರಲಿ, 75ರ ನಂತರ ಏರಲಿ. ಹಿಸ್ಟರೆಸಿಸ್ ಅನ್ನುವ ಆಯ್ಕೆಯಲ್ಲಿ ನಾಲ್ಕೈದು ಡಿಗ್ರಿ ಕೊಟ್ಟರೆ ಏರಿಳಿತ ನಿಲ್ಲುತ್ತದೆ. ದುಬಾರಿ ಮಾಡೆಲ್‌ಗಳಲ್ಲಿ ಕಾರ್ಡ್ ಮೇಲೇ ಸಣ್ಣ ಸ್ವಿಚ್ ಇರುತ್ತದೆ, ಸೈಲೆಂಟ್ ಕಡೆ ತಳ್ಳಿದರೆ ಈ ಗೆರೆಯ ಕೆಲಸ ತಾನಾಗಿ ಆಗುತ್ತದೆ. ಆ ಸ್ವಿಚ್‌ಗೆ ಅಂತಲೇ ಸಾವಿರಾರು ರೂಪಾಯಿ ಕೊಡಬೇಡಿ, ಅದನ್ನೇ ನೀವು ಸಾಫ್ಟ್‌ವೇರ್‌ನಲ್ಲಿ ಮಾಡಬಹುದು.

ಒಂದು ಸದ್ದನ್ನು ಮಾತ್ರ ಯಾವ ಕೂಲರ್ ಕೂಡ ತಡೆಯಲಾರದು, ಕಾಯಿಲ್ ಸದ್ದು. ಬೋರ್ಡ್ ಮೇಲಿನ ಸುರುಳಿಗಳು ಕರೆಂಟ್ ಏರಿಳಿತಕ್ಕೆ ಕಂಪಿಸಿ ಕೀಂ ಅಂತ ಕೂಗುತ್ತವೆ. ಒಂದೇ ಕಂಪನಿಯ ಒಂದೇ ಮಾಡೆಲ್‌ನ ಎರಡು ಕಾರ್ಡ್‌ಗಳಲ್ಲಿ ಒಂದು ಕೂಗಬಹುದು, ಇನ್ನೊಂದು ಸುಮ್ನಿರಬಹುದು. ಪವರ್ ಸಪ್ಲೈ ಮೇಲೂ ಅವಲಂಬಿಸಿದೆ. ಗೇಮ್‌ನ ಮೆನುವಿನಲ್ಲಿ ಸೆಕೆಂಡಿಗೆ ನೂರಾರು ಫ್ರೇಮ್ ಓಡುವಾಗ ಇದು ಜಾಸ್ತಿ, ಆದ್ದರಿಂದ ಫ್ರೇಮ್ ಮಿತಿಯನ್ನು ನಿಮ್ಮ ಮಾನಿಟರ್‌ನ ಮಟ್ಟಕ್ಕೆ ಕಟ್ಟಿಹಾಕಿ. ಇದನ್ನು ಸಾಮಾನ್ಯವಾಗಿ ವಾರಂಟಿಯಲ್ಲಿ ದೋಷ ಅಂತ ಒಪ್ಪುವುದಿಲ್ಲ, ಅದಕ್ಕೇ ಮೊದಲ ವಾರದಲ್ಲೇ ಕಿವಿಗೊಟ್ಟು ಕೇಳಿ.

ಎಎಂಡಿಯ 9060 ಎಕ್ಸ್‌ಟಿ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 160 ವಾಟ್, ಹಾಟ್‌ಸ್ಪಾಟ್ ಓದು ಸಿಗುತ್ತದೆ. ಬರೀ ಗೇಮ್‌ಗೆ ಆಗಿದ್ದರೆ ನಾನು ಅದನ್ನೇ ಹೇಳುತ್ತಿದ್ದೆ. ಆದರೆ ಮದುವೆ ಕ್ಯಾಮೆರಾಗಳ 10 ಬಿಟ್ 4:2:2 ಫೂಟೇಜನ್ನು (ಬಣ್ಣದ ವಿವರ ಹೆಚ್ಚಿರುವ ವಿಡಿಯೊ) 50 ಸರಣಿಯ ಎನ್‌ವಿಡಿಯಾ ಕಾರ್ಡ್ ಹಾರ್ಡ್‌ವೇರ್‌ನಲ್ಲೇ ಡಿಕೋಡ್ ಮಾಡುತ್ತದೆ. ಪ್ರೊಸೆಸರ್ ಮೇಲಿನ ಭಾರ ಕಡಿಮೆಯಾಗಿ ಅದರ ಫ್ಯಾನ್ ಕೂಡ ಸುಮ್ಮನಾಗುತ್ತದೆ. ನಿಮ್ಮ ಕೆಲಸಕ್ಕೆ 5060 ಟಿಐ ಸರಿಯಾದ ಆಯ್ಕೆ.

ಹಾಗಾದರೆ ಯಾವುದು ತಗೊಳ್ಳೋದು? ಬೆಲೆ ಐದಾರು ಸಾವಿರ ವ್ಯತ್ಯಾಸ ಇದ್ದರೆ ಟಫ್, ಗೇಮಿಂಗ್ ಟ್ರಿಯೊ ದರ್ಜೆಗೆ ಹೋಗಬೇಡಿ. ಅವು ಖಂಡಿತ ನಿಶ್ಶಬ್ದ, ಆದರೆ 180 ವಾಟ್‌ಗೆ ಅಷ್ಟು ದೊಡ್ಡ ಕೂಲರ್ ಅನಗತ್ಯ. ವ್ಯತ್ಯಾಸ ಸಾವಿರ, ಒಂದೂವರೆ ಸಾವಿರ ಅಷ್ಟೇ ಇದ್ದರೆ ಯೋಚನೆ ಮಾಡದೆ ತಗೊಳ್ಳಿ. ಇಲ್ಲದಿದ್ದರೆ ಅಸುಸ್ ಡ್ಯುಯಲ್, ಎಂಎಸ್‌ಐ ವೆಂಟಸ್, ಗಿಗಾಬೈಟ್ ಈಗಲ್ ಅಥವಾ ವಿಂಡ್‌ಫೋರ್ಸ್, ಝೋಟ್ಯಾಕ್ ಟ್ವಿನ್ ಎಡ್ಜ್ ಇವುಗಳಲ್ಲಿ ದಪ್ಪ ಹೀಟ್‌ಸಿಂಕ್ ಇರುವುದು, ಫ್ಯಾನ್‌ನ ಕನಿಷ್ಠ ಸುತ್ತು ಕಡಿಮೆ ಇರುವುದು, ವಾರಂಟಿ ಉದ್ದ ಇರುವುದು. ಹಣ ಒಂದೇ ಆದರೆ ಬೇರಿಂಗ್ ಕಾರಣಕ್ಕೆ ನಾನು ಡ್ಯುಯಲ್ ಕಡೆ ವಾಲುತ್ತೇನೆ. ವಾರಂಟಿ ಸಾಮಾನ್ಯವಾಗಿ ಮೂರು ವರ್ಷ, ಕೆಲವರು ವೆಬ್‌ಸೈಟ್‌ನಲ್ಲಿ ನೋಂದಣಿ ಮಾಡಿದರೆ ಹೆಚ್ಚು ಕೊಡುತ್ತಾರೆ. ತಗೊಳ್ಳುವ ಮೊದಲು ಸರ್ವಿಸ್ ಸೆಂಟರ್ ಎಲ್ಲಿದೆ, ಕೊರಿಯರ್‌ನಲ್ಲಿ ಕಳಿಸಬಹುದಾ ಕೇಳಿ. ಫ್ಯಾನ್ ಗರಗರ ಅಂದಾಗಲೆಲ್ಲ ಆಲ್ದೂರಿನಿಂದ ಬೆಂಗಳೂರಿಗೆ ಓಡುವುದು ಆಗದ ಮಾತು. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ತಗೊಂಡರೆ ಬಿಲ್ ಮೇಲೆ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಆನ್‌ಲೈನ್‌ನಲ್ಲಾದರೆ ವಾಪಸ್ ಕೊಡುವ ಅವಧಿ ಎಷ್ಟು ದಿನ ಅಂತ ನೋಡಿಕೊಂಡು, ಬಂದ ದಿನವೇ ಡಬ್ಬ ಬಿಚ್ಚುವುದರಿಂದ ಹಿಡಿದು ವಿಡಿಯೊ ಮಾಡಿಡಿ. ಆ ಅವಧಿಯೊಳಗೆ ಒಂದು ರಾತ್ರಿ ಪೂರ್ತಿ ರೆಂಡರ್ ಹಾಕಿ, ಪಕ್ಕದ ರೂಮಿನಲ್ಲಿ ಅಮ್ಮನಿಗೆ ಕೇಳಿಸಿತಾ ಅಂತ ಬೆಳಿಗ್ಗೆ ಕೇಳಿ. ಕೇಳಿಸಿತು ಅಂದರೆ ಅಂಡರ್‌ವೋಲ್ಟ್, ಫ್ಯಾನ್ ಗೆರೆ ಮಾಡಿ ಇನ್ನೊಂದು ರಾತ್ರಿ ನೋಡಿ. ಕಾಯಿಲ್ ಸದ್ದೋ, ಫ್ಯಾನ್ ಕಟಕಟವೋ ಆಗಿದ್ದರೆ ಸೆಟ್ಟಿಂಗ್‌ನಲ್ಲಿ ಸರಿಹೋಗುವುದಿಲ್ಲ, ಅವಧಿ ಮುಗಿಯುವ ಮೊದಲೇ ವಾಪಸ್ ಕೊಟ್ಟು ಬೇರೆ ತಗೊಳ್ಳಿ.